ಟಾಸ್ಕ್ ಪೀರಿಯಡ್ಡಿನಲ್ಲಿ ಮಾತಾಡದವರು

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ಸಿನಲ್ಲಿ ಓಡಾಡಿ ಇಂಗ್ಲಿಷ್ ಕಲಿಸಿದೆ. ಕಲಿಸಿದೆ ಎನ್ನುವಾಗ ಈಗಲೂ ಸ್ವಲ್ಪ ಅಳುಕುತ್ತೇನೆ. ಬೆಳಿಗ್ಗೆ ಎಣ್ಣೆ ಮಿಲ್ಲುಗಳ ವಾಸನೆ ಮೂಗಿನಲ್ಲಿರುವಾಗಲೇ ಬಸ್ಸು ಹತ್ತುತ್ತಿದ್ದೆ. ತಳುಕು ದಾಟುವಷ್ಟರಲ್ಲಿ ತೂಕಡಿಕೆ. ಹಾನಗಲ್ಲಿನ ತಿರುವಿನಲ್ಲಿ ಬಸ್ಸು ವಾಲಿದಾಗ ತಲೆ ಕಿಟಕಿಯ ಸರಳಿಗೆ ಬಡಿದು ಎಚ್ಚರ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಮನೆ ಸೇರುವ ಹೊತ್ತಿಗೆ ಗಂಟಲು ಪೂರಾ ಕಟ್ಟಿರುತ್ತಿತ್ತು. ಮಕ್ಕಳು ಏನಾದರೂ ಕೇಳಿದರೆ ಕೈಸನ್ನೆಯಲ್ಲೇ ಉತ್ತರ ಕೊಡುತ್ತಿದ್ದೆ.

ನನ್ನದು ಬಿ.ಎ. ತರಗತಿ. ಮೂವರು ಕೂರುವ ಬೆಂಚಿನಲ್ಲಿ ಐವರು ಕೂತಿರುತ್ತಿದ್ದರು. ನಾನು ಪಾಠದ ಒಂದು ಸಾಲು ಓದುವುದು, ಅದನ್ನು ಕನ್ನಡದಲ್ಲಿ ಹೇಳುವುದು, ಕೊನೆಗೆ ಪ್ರಶ್ನೆ ಉತ್ತರ ಬರೆಸುವುದು. ಅವರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಇಡೀ ವರ್ಷದಲ್ಲಿ ಅವರ ಬಾಯಿಂದ ಬರುತ್ತಿದ್ದ ಇಂಗ್ಲಿಷ್ ಎಂದರೆ ‘ಪ್ರೆಸೆಂಟ್ ಮೇಡಂ’ ಮತ್ತು ‘ಮೇ ಐ ಕಮಿನ್’. ನನಗೂ ಅದು ಅಭ್ಯಾಸವಾಗಿತ್ತು. ಯಾರೂ ಮಾತಾಡದಿದ್ದರೆ ಪಾಠ ಬೇಗ ಮುಗಿಯುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನನ್ನನ್ನು ಅಧ್ಯಾಪಕರ ತರಬೇತಿಯೊಂದಕ್ಕೆ ಕಳಿಸಿದರು. ಅಲ್ಲಿ ಹೇಳಿದ್ದು ಹೊಸ ವಿಷಯ. ವ್ಯಾಕರಣ ಹೇಳಿಕೊಟ್ಟರೆ ಮಾತು ಬರುವುದಿಲ್ಲ, ಮಕ್ಕಳಿಗೆ ಒಂದು ಕೆಲಸ ಕೊಡಿ, ಆ ಕೆಲಸ ಮಾಡಲು ಅವರು ಮಾತಾಡಲೇಬೇಕಾಗುತ್ತದೆ, ಹಾಗೆ ಮಾತಾಡುತ್ತಲೇ ಭಾಷೆ ಬರುತ್ತದೆ ಎಂದರು. ಆ ಕೆಲಸಕ್ಕೆ ಟಾಸ್ಕ್ ಎಂದು ಹೆಸರು. ಊರಿಗೆ ಮರಳಿದ ಮೇಲೆ ಅದನ್ನು ಒಂದು ಟರ್ಮು ನಡೆಸಿ, ವಿದ್ಯಾರ್ಥಿಗಳ ಅಭಿಪ್ರಾಯ ಸಂಗ್ರಹಿಸಿ, ವರದಿ ಬರೆದು ಕೊಡಬೇಕಿತ್ತು. ಆ ವರದಿ ಇಲ್ಲದೆ ನನ್ನ ಬಡ್ತಿಯ ಕಾಗದ ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ಒಪ್ಪಿಕೊಂಡದ್ದು ಅದಕ್ಕೇ. ಇಲ್ಲವಾದರೆ ಆ ವಯಸ್ಸಿನಲ್ಲಿ, ಆ ಬಸ್ಸಿನ ಓಡಾಟದಲ್ಲಿ, ಹೊಸದೇನನ್ನೂ ಹಚ್ಚಿಕೊಳ್ಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಮೊದಲ ದಿನ ಬೋರ್ಡಿನ ಮೇಲೆ ಟಾಸ್ಕ್ ಎಂದು ಬರೆದೆ. ಹಿಂದಿನ ಬೆಂಚಿನಿಂದ ಒಬ್ಬ, “ಯಾರು ಹಾಕ್ತಾರೆ ಮೇಡಂ, ನೀವೋ ನಾವೋ?” ಎಂದ. ಕ್ರಿಕೆಟ್ಟಿನ ಟಾಸ್ ಅಂದುಕೊಂಡಿದ್ದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಟರ್ಮಿನಲ್ಲಿ ಎಲ್ಲರೂ ಸೇರಿ ಮನಸಾರೆ ನಕ್ಕದ್ದು ಅದೊಂದೇ ಸಲ ಎಂದು ನೆನಪು.

ತರಬೇತಿಯಲ್ಲಿ ಕೊಟ್ಟ ಹಾಳೆಗಳನ್ನೇ ನಾನು ಜೆರಾಕ್ಸ್ ಮಾಡಿಸಿ ಹಂಚಿದೆ. ವಿಮಾನ ನಿಲ್ದಾಣದಲ್ಲಿ ಕಿಟಕಿ ಪಕ್ಕದ ಸೀಟು ಕೇಳುವುದು. ಹೋಟೆಲಿನಲ್ಲಿ ಗಂಡ ಹೆಂಡತಿ ಕೂತು ಊಟ ತರಿಸುವುದು. ಫೋನಿನಲ್ಲಿ ಡಾಕ್ಟರ ಸಮಯ ಕೇಳುವುದು. ಆರಾರು ಮಂದಿಯ ಗುಂಪು ಮಾಡಿದೆ. ಗುಂಪಿನೊಳಗೆ ಮಾತೇನೋ ಜೋರಾಗಿಯೇ ನಡೆಯುತ್ತಿತ್ತು, ಆದರೆ ಕನ್ನಡದಲ್ಲಿ ಮತ್ತು ತೆಲುಗಿನಲ್ಲಿ. ನಾನು ಹತ್ತಿರ ಹೋದರೆ ನಲ್ಲಿ ತಿರುಗಿಸಿದ ಹಾಗೆ ನಿಂತುಹೋಗುತ್ತಿತ್ತು. ಕೊನೆಗೆ ಎದ್ದು ನಿಂತು ಹೇಳುವ ಸರದಿ ಬಂದಾಗ ಪ್ರತಿ ಸಲವೂ ಒಬ್ಬನೇ ಹುಡುಗ ಏಳುತ್ತಿದ್ದ. ರಾಂಪುರದಲ್ಲಿ ಅಂಗಡಿ ಇಟ್ಟವರ ಮಗ. ನಾಲ್ಕನೇ ಕ್ಲಾಸಿನವರೆಗೆ ಬಳ್ಳಾರಿಯ ಇಂಗ್ಲಿಷ್ ಶಾಲೆಯಲ್ಲಿ ಓದಿದ್ದನಂತೆ. ಬರೆದುಕೊಂಡದ್ದನ್ನು ಗಡಗಡ ಒಪ್ಪಿಸಿ ಕೂರುತ್ತಿದ್ದ. ಉಳಿದವರು ಅವನಿಗೆ ಕೈತಟ್ಟುತ್ತಿದ್ದರು. ಅಲ್ಲಿಗೆ ಟಾಸ್ಕ್ ಮುಗಿಯಿತು.

ಟರ್ಮಿನ ಕೊನೆಗೆ ಪ್ರಶ್ನಾವಳಿ ಹಂಚಿದೆ. ‘ಈ ವಿಧಾನದಿಂದ ನಿಮ್ಮ ಮಾತನಾಡುವ ಸಾಮರ್ಥ್ಯ ಹೆಚ್ಚಿದೆಯೇ?’ ಎಂಬಂಥ ಪ್ರಶ್ನೆಗಳು, ಪಕ್ಕದಲ್ಲಿ ಟಿಕ್ ಹಾಕಲು ಚೌಕಗಳು. ಹೆಸರು ಬರೆಯಬೇಕಿಲ್ಲ ಎಂದು ಎರಡು ಸಲ ಹೇಳಿದೆ. ಐದು ನಿಮಿಷದಲ್ಲಿ ಎಲ್ಲ ಹಾಳೆಗಳೂ ವಾಪಸ್ಸು ಬಂದವು. ಸಂಜೆ ಬಸ್ಸಿನಲ್ಲಿ ತಿರುವಿ ನೋಡಿದರೆ ಎಲ್ಲರೂ ಎಲ್ಲದಕ್ಕೂ ‘ಬಹಳ ಉಪಯುಕ್ತ’ ಎಂದೇ ಗುರುತು ಹಾಕಿದ್ದರು. ಬಾಯಿ ತೆರೆಯದವರೂ ಮಾತು ಸುಧಾರಿಸಿದೆ ಎಂದಿದ್ದರು. ನನಗೆ ಬೇಕಾಗಿದ್ದದ್ದು ಅದೇ. ಆದರೂ ಆ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಮನಸ್ಸು ಖಾಲಿಯಾಯಿತು. ಅವರು ನನ್ನ ಮೇಲೆ ಕನಿಕರಪಟ್ಟು ಟಿಕ್ ಹಾಕಿದ್ದಾರೆ ಅನಿಸಿತು.

ಒಂದು ಹಾಳೆ ಮಾತ್ರ ಖಾಲಿ ಇತ್ತು. ಹೆಸರಿಲ್ಲ, ಗುರುತಿಲ್ಲ. ಆದರೆ ಮೂಲೆಯಲ್ಲಿ ಹಸಿರು ಶಾಯಿಯ ಒಂದು ಚುಕ್ಕೆ ಬಿದ್ದಿತ್ತು. ಹಸಿರು ಪೆನ್ನಿನಲ್ಲಿ ಬರೆಯುತ್ತಿದ್ದವಳು ಇಡೀ ತರಗತಿಯಲ್ಲಿ ಒಬ್ಬಳೇ. ಮೂರನೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ ಹುಡುಗಿ. ಸಿದ್ದಾಪುರದ ಕಡೆಯ ಹಳ್ಳಿಯವಳು, ಕುರಿ ಸಾಕುವವರ ಮನೆ. ಆ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಒಂದು ದಿನವೂ ತಪ್ಪಿಸುತ್ತಿರಲಿಲ್ಲ, ಒಂದು ಮಾತೂ ಆಡುತ್ತಿರಲಿಲ್ಲ.

ಮರುದಿನ ವರಾಂಡದಲ್ಲಿ ಅವಳನ್ನು ನಿಲ್ಲಿಸಿ, “ಖಾಲಿ ಯಾಕೆ ಕೊಟ್ಟೆ?” ಎಂದೆ. ಬೈಗುಳ ಬರುತ್ತದೆಂದು ಕಾದಳು. ಬರಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು.

“ಉಪಯೋಗ ಆಯ್ತಾ ಅಂತ ಕೇಳಿದ್ರಿ ಮೇಡಂ. ಯಾಕೆ ಮಾತಾಡಲ್ಲ ಅಂತ ಕೇಳಿರಲಿಲ್ಲ.”

“ಸರಿ, ಈಗ ಕೇಳ್ತಿದೀನಿ.”

“ನಮ್ಮನೇಲಿ ತೆಲುಗು. ಒಂದನೇ ಕ್ಲಾಸಿಗೆ ಬಂದಾಗ ಕನ್ನಡ ಬರ್ತಿರಲಿಲ್ಲ. ನೀರು ಬೇಕಿತ್ತು, ನೀಳ್ಳು ಬೇಕು ಸಾ ಅಂದೆ. ಎಲ್ರೂ ನಕ್ರು. ಮೇಷ್ಟ್ರೂ ನಕ್ರು. ನಾಲ್ಕನೇ ಕ್ಲಾಸಿನ ತನಕ ನಾನು ಬಾಯಿ ಬಿಡಲಿಲ್ಲ ಮೇಡಂ. ಪೂರ್ತಿ ಬಂದ ಮೇಲೇ ಮಾತಾಡಿದ್ದು. ಇಂಗ್ಲಿಷೂ ಪೂರ್ತಿ ಬರ್ಲಿ, ಆಮೇಲೆ ಮಾತಾಡ್ತೀನಿ.”

“ಮಾತಾಡದೇ ಪೂರ್ತಿ ಹೆಂಗೆ ಬರುತ್ತೆ?”

“ಕನ್ನಡ ಬಂತಲ್ಲ ಮೇಡಂ. ಸುತ್ತ ಎಲ್ರೂ ಮಾತಾಡ್ತಿದ್ರು, ಕಿವಿಗೆ ಬೀಳ್ತಿತ್ತು. ಇಂಗ್ಲಿಷ್ ಇಲ್ಲಿ ಯಾರು ಮಾತಾಡ್ತಾರೆ?” ಸ್ವಲ್ಪ ತಡೆದು, ನೆಲ ನೋಡುತ್ತಾ ಸೇರಿಸಿದಳು, “ನೀವೂ ಮಾತಾಡಲ್ಲ.”

ಹೋಗು, ಬೆಲ್ ಆಯಿತು ಎಂದು ಕಳಿಸಿದೆ.

ಆ ಮಾತು ಎರಡು ದಿನ ನನ್ನನ್ನು ಬಿಡಲಿಲ್ಲ. ಮೂರನೇ ದಿನ ತರಗತಿಯಲ್ಲಿ ಪುಸ್ತಕ ಮುಚ್ಚಿಸಿ, ಟಾಸ್ಕಿನ ಬಗ್ಗೆ ಅನಿಸಿದ್ದನ್ನು ಯಾವ ಭಾಷೆಯಲ್ಲಾದರೂ ಹೇಳಿ, ಬೈದರೂ ಪರವಾಗಿಲ್ಲ ಎಂದೆ. ನಾನು ಕುರ್ಚಿಯಲ್ಲಿ ಕೂತೆ. ನಿಜ ಹೇಳಬೇಕೆಂದರೆ ನಿಲ್ಲಲು ಆಗುತ್ತಿರಲಿಲ್ಲ. ಮೇಡಂ ಕೂತದ್ದು ನೋಡಿ ಅವರಿಗೆ ಧೈರ್ಯ ಬಂತೋ ಏನೋ, ಒಬ್ಬೊಬ್ಬರೇ ಶುರು ಮಾಡಿದರು.

“ಏರ್‌ಪೋರ್ಟಲ್ಲಿ ಕಿಟಕಿ ಸೀಟು ಕೇಳೋದು ಹೇಳ್ಕೊಟ್ರಿ. ನಮ್ಮ ಬಸ್ಸಲ್ಲಿ ಟವೆಲ್ ಹಾಕಿದ್ರೆ ಸಾಕು, ಮಾತೇ ಬೇಡ” ಎಂದ ಒಬ್ಬ.

“ಹುಡುಗರ ಎದುರಿಗೆ ನಿಂತು ಹೆಂಡತಿ ಪಾರ್ಟು ಮಾಡು ಅಂದ್ರೆ ಹೆಂಗೆ ಮೇಡಂ? ಊರಿಗೆ ಸುದ್ದಿ ಹೋದ್ರೆ ಕಾಲೇಜು ಬಿಡಿಸ್ತಾರೆ” ಎಂದಳು ಇನ್ನೊಬ್ಬಳು.

“ಪರೀಕ್ಷೇಲಿ ಬರಲ್ವಲ್ಲ, ಮತ್ಯಾಕೆ?”

“ಆ ಪೀರಿಯಡ್ಡಲ್ಲಿ ನಿದ್ದೆ ಬರಲ್ಲ ಮೇಡಂ. ಅಷ್ಟು ಮಾತ್ರ ಚೆನ್ನಾಗೈತೆ.”

ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ ಇದ್ದ ಹುಡುಗನೊಬ್ಬ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. “ನಮ್ಮನೆಗೆ ಸೀರೆ ತಗೊಳ್ಳೋಕೆ ದೂರದೋರು ಬರ್ತಾರೆ. ನಮ್ಮ ಹತ್ರ ಕನ್ನಡದಾಗೆ ಮಾತಾಡ್ತಾರೆ. ಸೀರೆ ಹೆಂಗೈತೆ ಅಂತ ಅವರವರೇ ಇಂಗ್ಲಿಷ್‌ನಾಗೆ ಮಾತಾಡ್ಕೊಂತಾರೆ. ನನಗೆ ಅದು ಅರ್ಥ ಆಗ್ಬೇಕು ಮೇಡಂ. ಮಾತಾಡೋಕೆ ಬರ್ದಿದ್ರೂ ನಡೀತೈತೆ.”

ರಾಂಪುರದ ಹುಡುಗನಿಗೆ ಇದೆಲ್ಲ ಹಿಡಿಸಲಿಲ್ಲ. “ಮೇಡಂ ಕಷ್ಟಪಟ್ಟು ಮಾಡಿಸ್ತಿದಾರೆ, ನೀವು ಹಿಂಗೆ ಅಂದ್ರೆ ಹೆಂಗಲೇ?” ಎಂದು ಗದರಿದ. ಆಮೇಲೆ ಅವನೇ ಒಂದು ದಾರಿ ಹೇಳಿದ. ಸಿದ್ದಾಪುರದ ಬಳಿ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ಆಗಾಗ ಹೊರಗಿನವರು ನೋಡಲು ಬರುತ್ತಾರೆ. ಅಲ್ಲಿಗೆ ಹೋಗಿ, ಬಂದವರಿಗೆ ಇಂಗ್ಲಿಷಿನಲ್ಲಿ ವಿವರಿಸುವುದೇ ಟಾಸ್ಕ್ ಆಗಲಿ. ಯಾರೂ ಬರದಿದ್ದರೆ ಮೇಡಮ್ಮೇ ಪ್ರವಾಸಿ. ಎಲ್ಲರಿಗೂ ಒಪ್ಪಿಗೆಯಾಯಿತು. ಅವರಿಗೆ ಬೇಕಿದ್ದದ್ದು ಒಂದು ದಿನ ಹೊರಗೆ ಹೋಗುವುದು ಎಂದು ನನಗೂ ಗೊತ್ತಿತ್ತು.

ಸಂಕ್ರಾಂತಿ ಕಳೆದ ಮೇಲೊಂದು ಶನಿವಾರ ಹೊರಟೆವು. ರಾಂಪುರದವರೆಗೆ ಬಸ್ಸು, ಅಲ್ಲಿಂದ ಟೆಂಪೋ. ಹನ್ನೊಂದಕ್ಕೆಲ್ಲ ಬಂಡೆಗಳು ಕಾದಿದ್ದವು. ಶಾಸನದ ಮೇಲೆ ಕಟ್ಟಿದ್ದ ಕೋಣೆಯನ್ನು ಕಾವಲಿನವನು ತೆರೆದುಕೊಟ್ಟ. ಬಂಡೆಯ ಮೇಲಿನ ಅಕ್ಷರಗಳ ಹತ್ತಿರ ಎಲ್ಲರೂ ಬಗ್ಗಿ ನೋಡಿದರು. ಇದು ಯಾವ ಭಾಷೆ ಎಂದು ಯಾರೋ ಕೇಳಿದರು. ಪ್ರಾಕೃತ ಎಂದೆ.

“ಆವಾಗ ಇಲ್ಲಿ ಜನಕ್ಕೆ ಅದು ಬರ್ತಿತ್ತಾ ಮೇಡಂ?” ಎಂದಳು ಆ ಹುಡುಗಿ. ತರಗತಿಯ ಎದುರಿಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು.

“ಬರ್ತಿರಲಿಲ್ಲ ಅನ್ಸುತ್ತೆ. ಅಧಿಕಾರಿಗಳು ಯಾರಾದ್ರೂ ಓದಿ ಹೇಳ್ತಿದ್ದಿರಬೇಕು.”

ಅಷ್ಟರಲ್ಲಿ ಒಂದು ಕಾರು ಬಂತು. ನಾವು ನಿಜವಾಗಿ ನಿರೀಕ್ಷಿಸಿರಲಿಲ್ಲ. ಇಳಿದವರು ವಯಸ್ಸಾದ ಒಬ್ಬ ವಿದೇಶಿ ಹೆಂಗಸು. ತಲೆಗೆ ಬಟ್ಟೆಯ ಟೋಪಿ, ಕೈಯಲ್ಲಿ ಮಡಚಿದ ನಕ್ಷೆ. ಡ್ರೈವರು ಸೀಟು ಹಿಂದಕ್ಕೆ ಮಾಡಿ ಮಲಗಿಬಿಟ್ಟ. ಹುಡುಗರೆಲ್ಲ ರಾಂಪುರದ ಹುಡುಗನನ್ನು ಮುಂದಕ್ಕೆ ತಳ್ಳಿದರು. ಅವನು ಕೈಕಟ್ಟಿ ನಿಂತು, ಕಂಠಪಾಠ ಮಾಡಿದ್ದ ಪ್ಯಾರಾವನ್ನು ಒಂದೇ ಉಸಿರಿಗೆ ಒಪ್ಪಿಸಿದ. ಆಕೆ ನಗುತ್ತಾ ಕೇಳಿಸಿಕೊಂಡು, ಏನೋ ಒಂದು ಪ್ರಶ್ನೆ ಕೇಳಿದರು. ಅವನು ಒಂದು ಕ್ಷಣ ನಿಂತು, ಮತ್ತೆ ಮೊದಲಿನಿಂದ ಒಪ್ಪಿಸತೊಡಗಿದ. ಅರ್ಧಕ್ಕೆ ಬಂದಾಗ ಅವನಿಗೇ ತಿಳಿಯಿತು. ಮುಖ ಕೆಂಪಾಗಿ ಹಿಂದೆ ಸರಿದ.

ಆಕೆ ನನ್ನ ಕಡೆ ತಿರುಗಿದರು. ನಾನು ಟೀಚರು ಎಂದು ಸೀರೆ, ಕೈಚೀಲ ನೋಡಿದರೇ ಗೊತ್ತಾಗುವಂತಿತ್ತು. ಆಕೆ ಕೇಳಿದ್ದು ಒಂದೂ ನನಗೆ ತಿಳಿಯಲಿಲ್ಲ. ಪದಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಂದವು. ಬೇರೆ ಬೇರೆ ಮಾಡುವಷ್ಟರಲ್ಲಿ ಮುಗಿದುಹೋಗಿದ್ದವು. “ಯೆಸ್” ಎಂದೆ. ಆಕೆ ಹುಬ್ಬೇರಿಸಿ, ಮಡಚಿದ ನಕ್ಷೆಯ ಮೇಲೆ ಬೆರಳಿಟ್ಟು, ಮತ್ತೊಮ್ಮೆ ನಿಧಾನವಾಗಿ ಕೇಳಿದರು. ಆಗ ನನಗೆ ಭಯ ಹತ್ತಿತ್ತು, ನಿಧಾನವೂ ಕೇಳಿಸಲಿಲ್ಲ. “ಯೆಸ್, ಯೆಸ್” ಎಂದೆ. ಯೆಸ್ ಎನ್ನುವುದು ಉತ್ತರವೇ ಆಗದ ಪ್ರಶ್ನೆ ಅದು ಎಂದು ಆಕೆಯ ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಹಿಂದೆ ಇಡೀ ತರಗತಿ ನಿಂತಿತ್ತು. ಇಂಗ್ಲಿಷ್ ಎಂ.ಎ. ಮಾಡಿ, ಅಷ್ಟು ವರ್ಷ ಅದನ್ನೇ ಹೇಳಿಕೊಟ್ಟು, ಇಂಗ್ಲಿಷ್ ತಾಯಿನುಡಿಯಾದ ಒಬ್ಬರ ಜೊತೆ ನಾನು ಮಾತಾಡಿದ್ದು ಅದೇ ಮೊದಲು.

“ದಟ್ ಹಿಲ್” ಎಂದು ಪಕ್ಕದಿಂದ ದನಿ ಬಂತು.

ಆ ಹುಡುಗಿ, ಅಶೋಕನ ಇನ್ನೊಂದು ಶಾಸನವಿರುವ ಜಟಿಂಗ ರಾಮೇಶ್ವರದ ಬೆಟ್ಟದ ಕಡೆ ಕೈ ಮಾಡಿ ನಿಂತಿದ್ದಳು. “ದಟ್ ಹಿಲ್. ರಾಕ್ ದೇರ್ ಆಲ್ಸೋ. ಮೆನಿ ಸ್ಟೆಪ್ಸ್. ನೌ… ನೌ ಸನ್.” ತನ್ನ ನೆತ್ತಿ ಮುಟ್ಟಿ ತೋರಿಸಿದಳು. “ಯೂ ಗೋ ಮಾರ್ನಿಂಗ್. ಮಂಕಿ ಟೇಕ್ ಬ್ಯಾಗ್. ವಾಟರ್ ಬ್ರಿಂಗ್.”

ಆಕೆಯ ಮುಖ ಅರಳಿತು. ನಕ್ಷೆಯನ್ನು ಪೂರ್ತಿ ಬಿಡಿಸಿ ತೋರಿಸಿದರು. ಇಬ್ಬರೂ ಬೆರಳಿನಿಂದ, ಬಿಡಿಬಿಡಿ ಪದಗಳಿಂದ ದಾರಿ ಗೊತ್ತುಮಾಡಿಕೊಂಡರು. ಆಕೆ ಅವಳ ಹೆಸರು ಕೇಳಿದರು, ಇವಳು ಹೇಳಿದಳು. ನನಗೆ ಒಂದು ನಮಸ್ಕಾರ ಮಾಡಿ ಆಕೆ ಕಾರು ಹತ್ತಿ ಹೋದರು.

“ಅವರು ಕೇಳಿದ್ದು ಹೆಂಗೆ ಗೊತ್ತಾಯ್ತು ನಿಂಗೆ?” ಎಂದೆ.

“ಗೊತ್ತಾಗಲಿಲ್ಲ ಮೇಡಂ. ನಕ್ಷೆ ಮ್ಯಾಲೆ ಅವರ ಬೆರಳು ಎಲ್ಲೈತೆ ಅಂತ ನೋಡಿದೆ. ಆ ಬೆಟ್ಟದ ಬುಡದಾಗೆ ನಮ್ಮ ಕುರಿ ಮೇಯ್ತಾವೆ. ಬಂದೋರೆಲ್ಲ ಅದನ್ನೇ ಕೇಳ್ತಾರೆ.”

ವಾಪಸ್ಸು ಬರುವಾಗ ಟೆಂಪೋದಲ್ಲಿ ಯಾರೂ ಗಲಾಟೆ ಮಾಡಲಿಲ್ಲ. ನನ್ನ ಎದುರಿಗೆ ಕೂತವರು ನನ್ನ ಕಣ್ಣು ತಪ್ಪಿಸಿ ಹೊರಗೆ ನೋಡುತ್ತಿದ್ದರು. ಬೈದು ಮಾತಾಡಿಕೊಂಡಿದ್ದರೆ ವಾಸಿಯಿತ್ತು. ನನಗೆ ತಲೆ ಸಿಡಿಯುತ್ತಿತ್ತು. ಚಳ್ಳಕೆರೆಗೆ ಬಂದು, ಚಪ್ಪಲಿ ಬಿಟ್ಟು, ಹಾಗೆಯೇ ಮಂಚದ ಮೇಲೆ ಮಲಗಿದೆ. ಸೋಮವಾರ ರಜೆ ಹಾಕಬೇಕೆಂದು ಎರಡು ಸಲ ಅಂದುಕೊಂಡೆ. ರಜೆ ಉಳಿದಿರಲಿಲ್ಲ, ಹೋದೆ.

ಹಾಜರಿ ಕೂಗಿ ಮುಗಿಸಿದ್ದೆ. ಆ ಹುಡುಗಿ ಎದ್ದು ನಿಂತಳು. ಇಂಗ್ಲಿಷಿನಲ್ಲೇ ಕೇಳಿದಳು.

“ಮೇಡಂ, ಯೂ ಆಲ್ಸೋ ಫಿಯರ್?”

ಯಾರೋ ಅವಳ ಜಡೆ ಜಗ್ಗಿ ಕೂರಿಸಲು ನೋಡಿದರು. ಅವಳು ಕೂರಲಿಲ್ಲ. ಕೊಂಕು ಇರಲಿಲ್ಲ ಆ ಮುಖದಲ್ಲಿ, ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಆ ವಿದೇಶಿ ಹೆಂಗಸಿನ ಉಚ್ಚಾರಣೆ ಬೇರೆ ಥರ ಇತ್ತು, ಗಾಳಿ ಬೀಸುತ್ತಿತ್ತು, ಹೀಗೆ ಹೇಳಬಹುದಾದ ಮಾತುಗಳು ನನ್ನ ಬಳಿ ಸಿದ್ಧವಿದ್ದವು. ಅವನ್ನು ಹೇಳುವಷ್ಟು ಚೈತನ್ಯ ಇರಲಿಲ್ಲ.

“ಯೆಸ್. ಐ ವಾಸ್ ಅಫ್ರೇಡ್” ಎಂದೆ. ಅವಳ ವಾಕ್ಯ ತಿದ್ದಲಿಲ್ಲ. ಆಮೇಲೆ, ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ, ಪಾಠದ್ದಲ್ಲದ ನಾಲ್ಕು ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ನಾನು ಓದಿದ್ದು ಪುಸ್ತಕ ನೋಡಿ, ನನ್ನ ಮೇಷ್ಟ್ರೂ ಕನ್ನಡದಲ್ಲೇ ಹೇಳಿದ್ದು, ನನ್ನ ಕಿವಿಗೆ ಈ ಭಾಷೆ ಬಿದ್ದಿಲ್ಲ. ನಡುವೆ ಎರಡು ಕಡೆ ತಡವರಿಸಿದೆ. ಅವರು ತಲೆ ತಗ್ಗಿಸದೆ ಕೇಳಿದರು.

ಅಂದಿನಿಂದ ಪವಾಡವೇನೂ ನಡೆಯಲಿಲ್ಲ. ಏರ್‌ಪೋರ್ಟಿನ ಹಾಳೆಗಳನ್ನು ಬಿಟ್ಟು, ಪೀರಿಯಡ್ಡಿನ ಮೊದಲ ಹತ್ತು ನಿಮಿಷ ಅವತ್ತಿನ ಬಸ್ಸು ಯಾಕೆ ತಡವಾಯಿತು, ಮಗ್ಗದ ನೂಲು ಹೇಗೆ ಕಡಿಯಿತು, ಅವ್ವ ಏನಂದಳು ಎಂಬುದನ್ನು ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿಸಿದೆ. ಒಂದಷ್ಟು ಜನ ಮಾತಾಡಿದರು, ಬಹಳ ಜನ ಕೇಳಿಸಿಕೊಂಡರು. ಮಗ್ಗದ ಮನೆಯ ಹುಡುಗ ಕಡೆಯವರೆಗೂ ಬಾಯಿ ಬಿಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ರಾಂಪುರದ ಹುಡುಗ ಮುನಿಸಿಕೊಂಡಿದ್ದ. ಅವನ ಇಂಗ್ಲಿಷಿಗೆ ಇದ್ದ ಬೆಲೆ ಇಳಿದುಹೋಗಿತ್ತು. ಅದಕ್ಕೆ ನಾನೂ ಕಾರಣ ಎಂದು ಬೇಸರವಾಗುತ್ತಿತ್ತು, ಆದರೆ ಅವನನ್ನು ಕರೆದು ಮಾತಾಡಿಸಲಿಲ್ಲ. ಮಾತಾಡಿಸಬೇಕಿತ್ತು.

ವರದಿ ಬರೆದೆ. ಟಿಕ್ ಹಾಕಿದ ಹಾಳೆಗಳು ನಂಬಲರ್ಹವಲ್ಲ ಎಂದು ಬರೆದೆ, ತರಗತಿಯಲ್ಲಿ ಅವರು ಆಡಿದ ಮಾತುಗಳನ್ನು ಇದ್ದಂತೆಯೇ ಇಟ್ಟೆ, ಬ್ರಹ್ಮಗಿರಿಯ ಪ್ರಸಂಗವನ್ನೂ ಸೇರಿಸಿದೆ. ವರದಿ ನೋಡಬೇಕಾಗಿದ್ದ ಹಿರಿಯರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದು ವರದಿನೋ ನಿಮ್ಮ ಆತ್ಮಕಥೆನೋ? ಟೀಚರಿಗೇ ಬರಲಿಲ್ಲ ಅಂತ ಬರೆದ್ರೆ ಯಾರು ಒಪ್ತಾರಮ್ಮ? ಟಿಕ್ ಹಾಕಿದ ಹಾಳೆ ಇದಾವಲ್ಲ, ಅದನ್ನ ಟೇಬಲ್ ಮಾಡಿ ಕೊಡಿ.”

ಟೇಬಲ್ ಮಾಡಿ ಕೊಟ್ಟೆ. ವಿದ್ಯಾರ್ಥಿಗಳು ಈ ವಿಧಾನವನ್ನು ಬಹಳ ಉಪಯುಕ್ತವೆಂದು ಭಾವಿಸಿದ್ದಾರೆ ಎಂದು ಕೊನೆಯ ಸಾಲು ಬರೆದು ಸಹಿ ಮಾಡಿದೆ. ಬಡ್ತಿ ಬಂತು. ಆ ಸಾಲಿನ ಬಗ್ಗೆ ಆಗ ನಾಚಿಕೆಯಾಗಲಿಲ್ಲ. ಒಂದು ಕೆಲಸ ಮುಗಿಯಿತಲ್ಲ ಎಂದಷ್ಟೇ ಅನಿಸಿತು. ನಾಚಿಕೆ ನಿಧಾನವಾಗಿ, ವರ್ಷಗಳ ಮೇಲೆ ಬಂತು. ಪರೀಕ್ಷೆ ಹತ್ತಿರವಾದಾಗ ಆ ಹತ್ತು ನಿಮಿಷವೂ ನಿಂತಿತು. ಮತ್ತೆ ಪ್ರಶ್ನೆ ಉತ್ತರ ಬರೆಸಿದೆ. ಮರುವರ್ಷ ಸಿಲಬಸ್ಸು ಬದಲಾಯಿತು.

ಆಮೇಲೆ ನನಗೆ ಚಳ್ಳಕೆರೆಗೇ ವರ್ಗವಾಯಿತು. ಬಸ್ಸಿನ ಓಡಾಟ ತಪ್ಪಿತು. ನಾಲ್ಕೈದು ವರ್ಷ ಕಳೆದಿರಬೇಕು, ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ತೋಳು ಹಿಡಿದು ನಿಲ್ಲಿಸಿದರು. ಆ ಹುಡುಗಿ. ಇಂಗ್ಲಿಷ್ ಒಂದು ಸಲ ಫೇಲಾಗಿ, ಮತ್ತೆ ಕಟ್ಟಿ ಪಾಸು ಮಾಡಿಕೊಂಡು, ಈಗ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ಕೆಲಸಕ್ಕಿದ್ದಳು. ಹೊಲಿಯುವ ಕೆಲಸವಲ್ಲ, ಹೊಲಿದದ್ದನ್ನು ಪರೀಕ್ಷಿಸಿ ಬರೆದಿಡುವುದು.

“ಇಂಗ್ಲಿಷ್ ಬೇಕಾಗುತ್ತಾ ಅಲ್ಲಿ?” ಎಂದು ಕೇಳಿದೆ. ಯಾವ ಉತ್ತರ ಬಯಸಿದ್ದೆನೋ ಗೊತ್ತಿಲ್ಲ.

“ಇಲ್ಲ ಮೇಡಂ. ಮಾಲು ಒಯ್ಯೋರು ಉತ್ತರದ ಕಡೆಯೋರು, ಹಿಂದಿ ಬೇಕು. ಎರಡು ತಿಂಗಳಾಗೆ ಕಲಿತೆ. ಹಾ ಹೈ, ಹೂ ಹೈ ಅಂತ ಏನೋ ಮಾತಾಡ್ತೀನಿ. ಕೆಲಸ ನಡೀತೈತೆ.”

“ಪೂರ್ತಿ ಬಂದ ಮೇಲೆ ಮಾತಾಡ್ತಿದ್ದವಳು ನೀನು.”

“ಅಷ್ಟು ದಿನ ಕಾಯೋಕೆ ಅಲ್ಲಿ ಯಾರು ಬಿಡ್ತಾರೆ ಮೇಡಂ?” ಎಂದಳು. ಮುಖ ದಣಿದಿತ್ತು. ಮೊಣಕೈವರೆಗೂ ಜೀನ್ಸ್ ಬಟ್ಟೆಯ ನೀಲಿ ಹತ್ತಿತ್ತು. ಮನೆಯಲ್ಲಿ ಕುರಿ ಮಾರಿದರೆಂದೂ, ಅಪ್ಪ ಈಗ ಕೂಲಿಗೆ ಹೋಗುತ್ತಾನೆಂದೂ ಹೇಳಿದಳು. ನನ್ನ ಮಕ್ಕಳು ಏನು ಓದುತ್ತಿದ್ದಾರೆ, ನನ್ನ ಗಂಟಲು ಈಗ ಹೇಗಿದೆ ಎಂದು ಕೇಳಿದಳು.

ಬಳ್ಳಾರಿ ಬಸ್ಸು ಬಂತು. ಜನ ಮುಗಿಬಿದ್ದರು. ಅವಳು ಬಾಗಿಲ ಬಳಿ ನೂಕಾಡುತ್ತಾ ಹತ್ತಿಕೊಂಡು, ನಿಲ್ಲಲು ಜಾಗ ಹುಡುಕಿ, ಕಂಬಿ ಹಿಡಿದಳು. ಕಿಟಕಿಯಿಂದ ಕೈ ಬೀಸುತ್ತಾಳೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಅವಳಿಗೂ ಕಿಟಕಿಗೂ ನಡುವೆ ಬಹಳ ಜನ ಇದ್ದರು. ಬಸ್ಸು ಹೊರಟ ಮೇಲೆ ತರಕಾರಿ ತೆಗೆದುಕೊಂಡು ಮನೆಗೆ ನಡೆದೆ.